ಎರಡನೇ ಗೇರಿನ ಬಳೆಗಳು

ಏಪ್ರಿಲ್ 9, ಬುಧವಾರ

ಈ ವಾರದಲ್ಲಿ ಇದು ಮೂರನೇ ಸಲ. ಗುಡ್ಡದ ತಿರುವಿನಲ್ಲಿ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದೆ, ಗೇರ್‌ಬಾಕ್ಸ್ ಕರ್ರ್ ಎಂದು ಹಲ್ಲು ಕಡಿಯಿತು. ಅಂಗೈಯಲ್ಲಿ ಆ ನಡುಕ ಇನ್ನೂ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಈ ಕೆಂಪು ಸ್ಪೋರ್ಟ್ಸ್ ಕಾರನ್ನು ನಾನೊಬ್ಬಳೇ ಓಡಿಸಿದ್ದೇನೆ. ಯೂಸಾಕು ಒಳ್ಳೆಯ ಗಂಡ, ಆದರೂ ಅವನ ಕೈಗೆ ಕೊಟ್ಟಿಲ್ಲ. ಗಂಡನಿಗೇ ಕೊಡದ ಗಾಡಿಯನ್ನು ಈಗ ಗುರುತು ಪರಿಚಯ ಇಲ್ಲದ ಯಾವನೋ ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು. ನನ್ನ ಹಳೆಯ ಮೆಕ್ಯಾನಿಕ್ ಹೋದ ಚಳಿಗಾಲದಲ್ಲೇ ಅಂಗಡಿ ಮುಚ್ಚಿ ಮಗಳ ಊರು ಸೇರಿಕೊಂಡ. ಹೋಗುವ ಮುಂಚೆ ಒಂದು ಮಾತು ಹೇಳಬಾರದಿತ್ತೇ, ಪುಣ್ಯಾತ್ಮ!

ಸವೆದಿರುವುದು ಒಳಗಿನ ಹಿತ್ತಾಳೆ ಬಳೆಗಳು. ಅವರೆಲ್ಲ ಅದಕ್ಕೆ ಏನೋ ದೊಡ್ಡ ಹೆಸರು ಹೇಳುತ್ತಾರೆ, ನನಗೆ ಬಳೆಯೇ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಚಕ್ರಗಳನ್ನು ಹಿಡಿದು, ಸಮಾಧಾನ ಮಾಡಿ, ಒಂದೇ ವೇಗಕ್ಕೆ ತಂದು ಕೂಡಿಸುವುದು ಅವುಗಳ ಕೆಲಸ. ಕಂಪನಿ ಅವನ್ನು ತಯಾರಿಸುವುದು ಬಿಟ್ಟು ಹನ್ನೊಂದು ವರ್ಷವಾಯಿತು. ಆದರೆ ಮೂರು ಹೊಸ ಬಳೆಗಳ ಒಂದು ಸೆಟ್ ನನ್ನ ಬೀರುವಿನಲ್ಲಿದೆ. ಕಳೆದ ತಿಂಗಳು ನಾನು ಶಿಮಿಜು ಬಂದರಿನ ಕಸ್ಟಮ್ಸ್ ಕೆಲಸದಿಂದ ನಿವೃತ್ತಳಾದಾಗ ಯೂಸಾಕು ಕೊಟ್ಟ ಉಡುಗೊರೆ ಅದು. ಒಂದೂವರೆ ವರ್ಷ ದೇಶದ ಹಳೆಯ ಬಿಡಿಭಾಗದ ಅಂಗಡಿಗಳಿಗೆಲ್ಲ ಕಾಗದ ಬರೆದು, ಕೊನೆಗೆ ಹಿಮಿ ಊರಿನ ಮಿನೊವಾ ಎನ್ನುವ ಮುದುಕನಿಂದ ಪಡೆದಿದ್ದಾನೆ. "ಇದೇ ಕೊನೆಯದು. ಇನ್ನು ಯಾರಲ್ಲಾದರೂ ಇದ್ದರೆ ಅವರವರ ಗಾಡಿಯ ಒಳಗಿರುತ್ತದೆ" ಎಂದು ಮಿನೊವಾ ಬರೆದಿದ್ದನಂತೆ.

ಅಲ್ಲಿಗೆ ಇರುವುದು ಒಂದೇ ಅವಕಾಶ. ಕೆಟ್ಟವನ ಕೈಗೆ ಸಿಕ್ಕಿದರೆ ಬಳೆಯೂ ಹೋಯಿತು, ಗಾಡಿಯೂ ಹೋಯಿತು.

ಏಪ್ರಿಲ್ 12, ಶನಿವಾರ

ಶಿಜುಒಕಾ ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದೆ. ಗಾಜಿನ ಗೋಡೆ, ಬಿಳಿ ನೆಲ, ಕಾಫಿ ಯಂತ್ರ. ನೆಲದ ಮೇಲೆ ಒಂದು ಹನಿ ಎಣ್ಣೆಯಿಲ್ಲ. ಅಡುಗೆ ಮಾಡದ ಮನೆಯ ಒಲೆ ಹಾಗೆ ಪಳಪಳ ಹೊಳೆಯುತ್ತಿತ್ತು.

"ಯಜಮಾನ್ರು ಬರ್ಲಿಲ್ವಾ ಮೇಡಂ?" ಎಂದ ಕೋಟಿನವನು.

"ಯಾಕ್ ಬರ್ಬೇಕು? ಗಾಡಿ ನಂದು."

"ಓಹೋ, ಸಂತೋಷ, ಸಂತೋಷ" ಎಂದು ಕಂಪ್ಯೂಟರಿನಲ್ಲಿ ಏನೋ ಕುಟ್ಟಿದ. ಗಾಡಿಯ ಹತ್ತಿರಕ್ಕೂ ಬರಲಿಲ್ಲ. ಗೇರ್‌ಬಾಕ್ಸ್ ಇಳಿಸಿ 'ನಮ್ಮ ಕಾರ್ಖಾನೆಗೆ' ಕಳಿಸುತ್ತೇವೆ, ಮೂರು ತಿಂಗಳಾಗುತ್ತದೆ ಎಂದ. ಕಾರ್ಖಾನೆ ಎಲ್ಲಿದೆ ಎಂದು ಕೇಳಿದೆ. ತಡವರಿಸಿದ. ತೆಗೆದ ಹಳೆಯ ಭಾಗಗಳನ್ನು ವಾಪಸ್ ಕೊಡುತ್ತೀರಾ ಎಂದೆ. ಹೊಸ ಭಾಗ ಬಂದ ಡಬ್ಬಿಯಲ್ಲೇ ಹಳೆಯದನ್ನು ಒರೆಸಿ ಇಟ್ಟು ಗಿರಾಕಿಯ ಕೈಗೆ ಕೊಡುವುದು ಮರ್ಯಾದಸ್ಥ ಅಂಗಡಿಗಳ ಪದ್ಧತಿ. ನನ್ನ ಹಳೆಯ ಮೆಕ್ಯಾನಿಕ್ ಸವೆದ ಬೋಲ್ಟನ್ನೂ ಬಿಡದೆ ಕೊಡುತ್ತಿದ್ದ.

"ಅದೆಲ್ಲ ಕಸ ಅಲ್ವಾ ಮೇಡಂ, ನಾವೇ ಬಿಸಾಕ್ತೀವಿ. ನಿಮ್ಗ್ಯಾಕೆ ತೊಂದ್ರೆ?"

"ನನ್ನ ಕಸ ನನಗಿರ್ಲಿ ಬಿಡಿ" ಎಂದು ಎದ್ದು ಬಂದೆ.

ಮೂವತ್ತೇಳು ವರ್ಷ ಊರವರ ಪೆಟ್ಟಿಗೆ ಬಿಚ್ಚಿಸಿ ನೋಡಿದವಳು ನಾನು. ಯಾರ ನಗೆ ತುಟಿಯಿಂದ ಬರುತ್ತದೆ, ಯಾರದು ಹೊಟ್ಟೆಯಿಂದ ಬರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್ 17, ಗುರುವಾರ

ಎರಡನೆಯವನು ಫುಜಿಎದಾದಲ್ಲಿ. ಗೋಡೆ ತುಂಬ ರೇಸಿನ ಫೋಟೋಗಳು, ಎಲ್ಲದರಲ್ಲೂ ಅವನೇ. ನನ್ನ ಗಾಡಿ ನೋಡಿ ಕುಣಿದಾಡಿಬಿಟ್ಟ. ಎಂಥಾ ಗಾಡಿ, ಎಂಥಾ ಬಣ್ಣ, ಎಂಥಾ ಅಮ್ಮ! ಅತಿ ವಿನಯಂ ಧೂರ್ತ ಲಕ್ಷಣಂ. ಬಳೆಯ ಡಬ್ಬಿ ತೆರೆದು ತೋರಿಸಿದ್ದೇ ತಪ್ಪಾಯಿತು. ಒಂದನ್ನು ಕೈಗೆತ್ತಿಕೊಂಡವನು ಕೆಳಗಿಡಲೇ ಇಲ್ಲ.

"ಇದು ಈಗ ಹುಡುಕಿದ್ರೂ ಸಿಗಲ್ಲ ಅಮ್ಮಾ! ಇಲ್ಲೇ ಬಿಟ್ಟು ಹೋಗಿ. ಗಾಡಿ ನಿಧಾನಕ್ಕೆ ತನ್ನಿ, ಬಳೆ ಮಾತ್ರ ನನ್ನ ಹತ್ರ ಭದ್ರವಾಗಿರುತ್ತೆ."

ಅವನ ಹಿಂದಿನ ಕಪಾಟಿನಲ್ಲಿ ಯಾರ್‍ಯಾರದೋ ಹೆಸರಿನ ಚೀಟಿ ಕಟ್ಟಿದ ನಾಲ್ಕು ಗೇರ್‌ಬಾಕ್ಸುಗಳು ಧೂಳು ತಿನ್ನುತ್ತ ಕೂತಿದ್ದವು. ಒಂದು ಚೀಟಿಯಲ್ಲಿ ಎರಡು ವರ್ಷದ ಹಿಂದಿನ ತಾರೀಖಿತ್ತು. ಬಳೆಯನ್ನು ಅವನ ಬೆರಳಿನಿಂದ ಕಿತ್ತುಕೊಂಡೆ ಎಂದೇ ಹೇಳಬೇಕು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಯೂಸಾಕು ನಗುತ್ತಾನೆ. "ಪಾಪ, ಅವನಿಗೆ ನಿಜವಾಗ್ಲೂ ಖುಷಿ ಆಗಿರ್ಬೋದಲ್ಲ ಕಣೇ?"

ಭೂಗೋಳದ ಮೇಷ್ಟ್ರು. ಇವನಿಗೆ ಜಗತ್ತೆಲ್ಲ ನಕ್ಷೆಯಷ್ಟೇ ಚಪ್ಪಟೆ.

ಏಪ್ರಿಲ್ 20, ಭಾನುವಾರ

ಇಂಟರ್‌ನೆಟ್ಟಿನಲ್ಲಿ ಇನ್ನೂ ಆರು ಅಂಗಡಿ ನೋಡಿದೆ. ಹೊಗಳಿ ಬರೆದವರೆಲ್ಲ ಅಂಗಡಿಯವರ ಭಾವಮೈದುನರಿರಬೇಕು. ತೆಗಳಿದವರು ಎದುರಂಗಡಿಯವರು. ಕಣ್ಣು ಉರಿ.

ಏಪ್ರಿಲ್ 26, ಶನಿವಾರ

ಯಾಯಿಜು ಬಂದರಿನಲ್ಲಿ, ಮೀನಿನ ಕೋಲ್ಡ್ ಸ್ಟೋರೇಜಿನ ಹಿಂದೆ ಒಂದು ತಗಡಿನ ಶೆಡ್ಡು. ಬೋರ್ಡಿಲ್ಲ. ಪೆಟ್ರೋಲ್ ಬಂಕಿನ ಹೆಂಗಸು ಗುರುತು ಹೇಳಿದ್ದಳು. ಅಲ್ಲಿ ಕುಬೋದೆರಾ ಎನ್ನುವವನೊಬ್ಬ ಗೇರ್‌ಬಾಕ್ಸ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ.

ಎಪ್ಪತ್ತರ ಹತ್ತಿರದ ಗಂಡಸು, ಕುಳ್ಳ. ನಾನು ಒಳಗೆ ಕಾಲಿಡುತ್ತಿದ್ದ ಹಾಗೆ, ಬೆನ್ನು ತಿರುಗಿಸದೆಯೇ ಕೇಳಿದ.

"ಯಾರು ಕಳ್ಸಿದ್ದು?"

"ಯಾರೂ ಇಲ್ಲ. ನಾನೇ ಬಂದೆ."

"ಹಂಗಾದ್ರೆ ಆಗಲ್ಲ. ಗೊತ್ತಿರೋರು ಹೇಳಿ ಕಳ್ಸಿದ್ರೆ ಮಾತ್ರ ನಾನು ಕೆಲ್ಸ ತಗೊಳ್ಳೋದು. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳದೆ ಇನ್ನೇನು! ಸಿಟ್ಟಿನಲ್ಲಿ ಗಾಡಿ ಹತ್ತಿ ಹೊರಟೆ. ಕೋಲ್ಡ್ ಸ್ಟೋರೇಜಿನ ಮೂಲೆಯಲ್ಲಿ ಎರಡಕ್ಕೆ ಹಾಕುವಾಗ ಅದು ಕಿರುಚಿತು. ಕನ್ನಡಿಯಲ್ಲಿ ನೋಡುತ್ತೇನೆ, ಆ ಮುದುಕ ಎಣ್ಣೆ ಕೈ ಮೇಲೆತ್ತಿಕೊಂಡು ಓಡಿ ಬರುತ್ತಿದ್ದಾನೆ.

"ನಿಲ್ಸಿ! ನಿಲ್ಸೀ! ಇನ್ನೊಂದ್ಸಲ ಹಂಗ್ ಮಾಡ್ಬೇಡಿ, ಸತ್ತೇ ಹೋಗುತ್ತೆ ಅದು!"

ಆಮೇಲೆ ನನ್ನ ಪಕ್ಕ ಕೂತು, ಬಂದರಿನ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಎಂದ. ಕಣ್ಣು ಮುಚ್ಚಿಕೊಂಡು ಕೂತಿದ್ದ. ನಿದ್ದೆ ಹೋದನೋ ಏನೋ ಅಂದುಕೊಂಡೆ. ಶೆಡ್ಡಿಗೆ ವಾಪಸ್ ಬಂದು ಕೆಳಗಿನ ಬೋಲ್ಟ್ ಬಿಚ್ಚಿ ನಾಲ್ಕು ಹನಿ ಎಣ್ಣೆ ತೆಗೆದು ಬಿಳಿ ಬಟ್ಟೆಯ ಮೇಲೆ ಉಜ್ಜಿದ. ಹಿತ್ತಾಳೆಯ ಪುಡಿ ಮಿನುಗಿತು.

"ಬಳೆ ಹೋಗಿದೆ. ಬೇರೆಲ್ಲ ಗಟ್ಟಿ. ಆಮೇಲೆ ಅಮ್ಮಾ, ನಿಮ್ಮ ಎಡಗೈ ಯಾವಾಗ್ಲೂ ಗೇರ್ ಕೋಲಿನ ಮೇಲೇ ಇರುತ್ತೆ. ಆ ಭಾರ ಒಳಗಡೆ ಒತ್ತುತ್ತಾ ಇರುತ್ತೆ. ಅರ್ಧ ಸವೆಸಿದ್ದು ಗಾಡಿ, ಅರ್ಧ ನೀವು."

ಇಪ್ಪತ್ತೊಂಬತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡವಳಿಗೆ ಹೇಳುವ ಮಾತೇ ಇದು? ಮೈ ಉರಿದುಹೋಯಿತು. ಮೇ ರಜೆ ಮುಗಿದ ಮೇಲೆ ಬನ್ನಿ, ಕೆಲಸ ತಗೊಳ್ತೀನಿ ಎಂದ. ಬೇಕಾಗಿದ್ದರೆ ತಾನೇ ಬರುವುದು.

ಮೇ 7, ಬುಧವಾರ

ಬೇರೆ ದಾರಿಯಿಲ್ಲ, ಕುಬೋದೆರಾನೇ ಸರಿ. ಆದರೆ ಅನುಮಾನ ಬಿಡುತ್ತಿಲ್ಲ. ಮೊದಲು ಆಗಲ್ಲ ಎಂದವನು ಆಮೇಲೆ ಯಾಕೆ ಓಡಿ ಬಂದ? ನನ್ನ ಹತ್ತಿರ ಹೊಸ ಬಳೆಯ ಸೆಟ್ ಇದೆ ಎಂದಾಗ ಅವನ ಹುಬ್ಬು ಒಂದು ಕ್ಷಣ ಮೇಲೆ ಹೋಗಿದ್ದನ್ನು ನಾನು ನೋಡಿದೆ. ಇವತ್ತು ಫೋನಿನಲ್ಲಿ ಇನ್ನೊಂದು ಷರತ್ತು ಹಾಕಿದ: ಗಾಡಿ, ಬಳೆ ಎರಡನ್ನೂ ಬಿಟ್ಟು ಹೋಗಬೇಕು, ನಿಂತು ನೋಡುವ ಹಾಗಿಲ್ಲ.

"ಯಾರಾದ್ರೂ ನೋಡ್ತಾ ಇದ್ರೆ ನನ್ನ ಕೈ ತಪ್ಪುತ್ತಮ್ಮಾ."

ಕಸ್ಟಮ್ಸಿನಲ್ಲಿ ನನ್ನ ಮೇಜಿನ ಮುಂದೆ ನಿಂತವರಲ್ಲೂ ಕೆಲವರು ಹೀಗೇ ಹೇಳುತ್ತಿದ್ದರು, ನೀವು ಹಾಗೆ ನೋಡಿದರೆ ಕೈ ನಡುಗುತ್ತದೆ ಎಂದು. ಅಂಥವರ ಪೆಟ್ಟಿಗೆಯನ್ನು ನಾನು ಎರಡು ಸಲ ಬಿಚ್ಚಿಸುತ್ತಿದ್ದೆ.

ಅಸಲಿ ಬಳೆ ತಾನಿಟ್ಟುಕೊಂಡು ನಕಲಿ ಹಾಕಿದರೆ? ಗೇರ್‌ಬಾಕ್ಸ್ ಮುಚ್ಚಿದ ಮೇಲೆ ಒಳಗೇನಿದೆ ಎಂದು ನೋಡಿದವರು ಯಾರು?

ಮೇ 9, ಶುಕ್ರವಾರ

ಉಪಾಯ ಸಿಕ್ಕಿತು! ಯೂಸಾಕು ಬೆಳಿಗ್ಗೆ ಕೆಂಪು ಸಿಗಡಿ ತರಲು ಯುಯಿ ಬಂದರಿಗೆ ಹೋದ. ನಾನು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಕೆಲಸದ ದಿನಗಳ ಗಟ್ಟಿ ಮೊನೆಯ ಸೂಜಿ ತೆಗೆದು ಬಳೆಗಳಿಗೆ ಗುರುತು ಹಾಕಿದೆ. ಆಫೀಸಿನಲ್ಲಿದ್ದಾಗ ತಡೆಹಿಡಿದ ಸರಕಿಗೆಲ್ಲ ಹೀಗೇ ಮಾಡುತ್ತಿದ್ದೆ. ಗೋದಾಮಿನವರು ಬದಲಾಯಿಸಿದರೆ ತಕ್ಷಣ ಸಿಕ್ಕಿಬೀಳುತ್ತಿದ್ದರು.

ಹೊರಮೈಯಲ್ಲಿ ಗೀರಿದರೆ ಕುಬೋದೆರಾನ ಕಣ್ಣಿಗೆ ಬೀಳುತ್ತದೆ. ಒಳಮೈಯಲ್ಲಿ ಕೂದಲಿನಷ್ಟು ತೆಳು ಗೆರೆಗಳು ಸಾಲಾಗಿವೆ. ಅವುಗಳಿಗೆ ಅಡ್ಡವಾಗಿ ಒಂದೊಂದು ಬಳೆಗೆ ಒಂದೊಂದು ಗೀರು, ಚೆನ್ನಾಗಿ ಒತ್ತಿ. ಒತ್ತದಿದ್ದರೆ ಅಳಿಸಿ ಹೋದೀತು. ಕೆಲಸ ಮುಗಿದ ಮೇಲೆ ಎಷ್ಟು ಕೂಗಾಡಿದರೂ ಸರಿ, ಒಂದು ಸಲ ಬಿಚ್ಚಿ ತೋರಿಸು ಎನ್ನುತ್ತೇನೆ. ಆಗ ಗೊತ್ತಾಗುತ್ತದೆ ಯಾರು ಯಾರಿಗೆ ಟೋಪಿ ಹಾಕಿದರು ಎಂದು.

ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಸಿಗಡಿಯ ಬಜ್ಜಿ ಗರಿಗರಿಯಾಗಿತ್ತು. ಇನ್ನೆರಡು ಹಾಕಿಕೊಂಡೆ.

ಮೇ 13, ಮಂಗಳವಾರ

ಗಾಡಿ, ಡಬ್ಬಿ ಎರಡನ್ನೂ ಬಿಟ್ಟು ಬಂದೆ. ಮೀಟರಿನ ಅಂಕಿ ಬರೆದುಕೊಂಡಿದ್ದೇನೆ, ನಾಲ್ಕೂ ಚಕ್ರದ ಫೋಟೋ ಇದೆ. ಕುಬೋದೆರಾ ಡಬ್ಬಿ ತೆರೆದೂ ನೋಡದೆ ಕಪಾಟಿನ ಮೇಲಿಟ್ಟ. ನೋಡದವನ ಹಾಗೆ ನಟಿಸಿದ ಎಂದು ನನ್ನ ಲೆಕ್ಕ.

ಬಸ್ಸಿನಲ್ಲಿ ವಾಪಸ್ ಬಂದೆ. ಬಸ್ಸಿನವನಿಗೆ ಗೇರ್ ಬದಲಾಯಿಸುವುದೇ ಗೊತ್ತಿಲ್ಲ.

ಮೇ 16, ಶುಕ್ರವಾರ

ಬೆಳಿಗ್ಗೆ ಫೋನ್. "ಅಮ್ಮಾ, ಬಳೆ ಕೆಟ್ಟಿದೆ. ಬಂದು ನೋಡಿ."

ನಾನು ಬಸ್ಸಿಳಿಯುವಷ್ಟರಲ್ಲಿ ಕುಬೋದೆರಾ ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಮೂರು ಬಳೆ, ಪಕ್ಕದಲ್ಲಿ ಭೂತಗನ್ನಡಿ.

"ಈ ಸಣ್ಣ ಗೆರೆಗಳು ಕಾಣ್ತಿದಾವಲ್ಲ, ಇದೇ ಬಳೆಯ ಜೀವ. ಎಣ್ಣೆನ ಪಕ್ಕಕ್ಕೆ ತಳ್ಳಿ ಚಕ್ರನ ಹಿಡಿಯೋದು ಇವೇ. ಈಗ ಇಲ್ಲಿ ನೋಡಿ. ಯಾರೋ ಅಡ್ಡಕ್ಕೆ ಕೊರೆದಿದಾರೆ. ಗೆರೆ ಮುರಿದು ಅಂಚು ಎದ್ದು ನಿಂತಿದೆ. ಹಾಕಿದ್ರೆ ಒಂದು ವಾರದಲ್ಲಿ ಚಕ್ರನೂ ಕೊರೆದು ಹಾಕುತ್ತೆ."

ನಾನು ಬಗ್ಗಿ ಭೂತಗನ್ನಡಿಯಲ್ಲಿ ನೋಡಿದೆ. ನನ್ನ ಗೀರು ಅಷ್ಟು ದೊಡ್ಡದಾಗಿ ಕಂಡಿದ್ದು ಅದೇ ಮೊದಲು.

"ಉಜ್ಜಿದ್ರೆ ಹೋಗಲ್ವಾ?"

"ಉಜ್ಜಿದ್ರೆ ಇರೋ ಗೆರೆನೂ ಹೋಗುತ್ತೆ. ಮುಗೀತು ಇದರ ಕಥೆ." ಅವನ ಮುಖ ಕೆಂಪಾಗಿತ್ತು. "ಮೂರಕ್ಕೂ ಒಂದೇ ಜಾಗ, ಒಂದೇ ಅಳತೆ. ಬೇಕು ಅಂತಾನೇ ಮಾಡಿರೋದು. ಯಾರ ಹತ್ರ ತಗೊಂಡ್ರಿ ಇದನ್ನ? ಡಬ್ಬಿ ಮೇಲೆ ಹಿಮಿ ಮಿನೊವಾ ಅಂತಿದೆ. ಅವನ ಹೆಸರು ನಾನೂ ಕೇಳಿದೀನಿ. ಒಳ್ಳೇವನು ಅಂದ್ಕೊಂಡಿದ್ದೆ. ಬೆಳಿಗ್ಗೆನೇ ಫೋನ್ ಮಾಡಿ ಜನ್ಮ ಜಾಲಾಡಿದೆ. ಒಬ್ಬ ಹೆಣ್ಮಗಳಿಗೆ ಹಾಳಾದ ಸಾಮಾನು ಮಾರಿದೀಯಲ್ಲ, ನಾಚಿಕೆ ಆಗಲ್ವಾ ಅಂದೆ."

"ಅವ್ರೇನಂದ್ರು?"

"ಏನೂ ಅನ್ಲಿಲ್ಲ. ಕ್ಷಮಿಸಿ, ಕ್ಷಮಿಸಿ ಅಂತಾನೇ ಇದ್ದ. ಕಳ್ಳನಿಗೆ ಬೇರೆ ಮಾತು ಎಲ್ಲಿಂದ ಬರುತ್ತೆ?"

ನಾನು "ಹೌದಾ" ಎಂದೆ. ಅಷ್ಟೇ ಎಂದೆ.

ಮೇ 17, ಶನಿವಾರ

ಅನ್ನ ಸೇರಲಿಲ್ಲ. ಬಳೆ ಕೆಟ್ಟಿದೆ ಎಂದಷ್ಟೇ ಯೂಸಾಕುವಿಗೆ ಹೇಳಿದ್ದೆ, ಅವನು ಟೀ ತಂದಿಟ್ಟ. ಆಮೇಲೆ ಹೇಳಿದ: "ಅಷ್ಟು ದಿನ ಹುಡುಕಿ ಕೊನೆಗೆ ನಿಂಗೆ ಕೆಟ್ಟ ಸಾಮಾನು ತಂದ್ಕೊಟ್ಟೆನಲ್ಲ ಕಣೇ. ನನಗೆ ಮನುಷ್ಯರು ಅರ್ಥ ಆಗಲ್ಲ ಅಂತ ನೀನು ಹೇಳ್ತಿದ್ದೆ. ನಿಜ."

ಬಾಯಿಗೆ ಬಂದ ಮಾತನ್ನು ಟೀ ಜೊತೆ ನುಂಗಿದೆ. ಹೊಸ ಬೆಳೆಯ ಟೀ, ರುಚಿಯೇ ಹತ್ತಲಿಲ್ಲ.

ಮೇ 19, ಸೋಮವಾರ

ಸೂಕ್ಷ್ಮ ವಸ್ತು ಎಂದು ಡಬ್ಬಿಯ ಮೇಲೆ ಬರೆಯಬಾರದಿತ್ತೇ? ಕುಬೋದೆರಾ ನಿಂತು ನೋಡಲು ಬಿಟ್ಟಿದ್ದರೆ ಇದೆಲ್ಲ ಆಗುತ್ತಿತ್ತೇ? ಅಷ್ಟಕ್ಕೂ ಮಿನೊವಾ ಯಾಕೆ ಕ್ಷಮಿಸಿ ಎಂದ? ನಾನು ಮಾಡಿಲ್ಲ ಎಂದು ಗಟ್ಟಿಯಾಗಿ ಹೇಳಬಹುದಿತ್ತು. ತಪ್ಪು ಮಾಡದವನು ಯಾಕೆ ಒಪ್ಪಿಕೊಳ್ಳುತ್ತಾನೆ? ಅವನದೂ ಏನೋ ಇರಬೇಕು.

ಇಷ್ಟು ಬರೆದು ಮತ್ತೆ ಓದಿದೆ. ಇರಬೇಕು, ಇರಬೇಕು. ಏನಿರಬೇಕು?

ಮೇ 22, ಗುರುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೆ ಕುಬೋದೆರಾ ಕರೆಸಿದ. ಮಿನೊವಾನಿಂದ ಪೊಟ್ಟಣ ಬಂದಿತ್ತು. ಒಳಗೆ ಮೂರು ಹಿತ್ತಾಳೆ ಬಳೆ, ಹಿಮಿಯ ಒಣಮೀನಿನ ಒಂದು ಕಟ್ಟು, ಒಂದು ಕಾಗದ. ಕುಬೋದೆರಾ ಕಾಗದವನ್ನು ಗಟ್ಟಿಯಾಗಿ ಓದಿದ. "ನನ್ನ ಕಣ್ಣು ಮಂಜಾಗಿದೆ. ಡಬ್ಬಿ ತೆರೆದು ನೋಡದೆ ಕಳಿಸಿದ್ದು ನನ್ನ ತಪ್ಪು. ಅಂಗಡಿಯ ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಈ ಬಳೆಗಳು ಹೆಚ್ಚು ಓಡಿಲ್ಲ. ದಯವಿಟ್ಟು ಆ ತಾಯಿಯ ಗಾಡಿಗೆ ಹಾಕಿ."

ಕುಬೋದೆರಾ ಬಳೆಯನ್ನು ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದು ಮೂಸಿದ. ಆಮೇಲೆ ಬಹಳ ನಿಧಾನವಾಗಿ ಮೇಜಿನ ಮೇಲಿಟ್ಟ.

"ಎಣ್ಣೆ ವಾಸನೆ ಇನ್ನೂ ಹಸಿ ಹಸಿ ಇದೆ. ಎರಡು ಮೂರು ದಿನದ ಹಿಂದೆ ಬಿಚ್ಚಿರೋದು. ಅವನ ಹತ್ರಾನೂ ನಿಮ್ಮ ಥರದ್ದೇ ಗಾಡಿ ಇದೆ ಅಂತ ಕೇಳಿದ್ದೆ. ಅಯ್ಯೋ ದೇವ್ರೇ... ಈ ಮನುಷ್ಯ ತನ್ನ ಗಾಡೀನೇ ಬಿಚ್ಚಿ ಹಾಕಿದಾನೆ."

ಹೊರಗೆ ಮೀನಿನ ಲಾರಿ ಹಿಂದಕ್ಕೆ ಬರುವ ಕೀಂ ಕೀಂ ಸದ್ದು.

"ಬಳೆ ಚೆನ್ನಾಗಿದಾವೆ" ಎಂದ ಕುಬೋದೆರಾ. "ಹಾಕ್ಲಾ?"

ಹೂಂ ಅಂದಿದ್ದರೆ ಆಗಿತ್ತು. ನಾಡಿದ್ದು ನನ್ನ ಗಾಡಿ ಗುಡ್ಡ ಹತ್ತುತ್ತಿತ್ತು. ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಈ ಪುಸ್ತಕವನ್ನು ಒಲೆಗೆ ಹಾಕಿದ್ದರೆ ಸಾಕ್ಷಿಯೂ ಇರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಹೂಂ ಅನ್ನಲು ಬಾಯಿ ತೆರೆದೆ.

"ಗೀರಿದ್ದು ನಾನು" ಎಂದೆ.

"ಏನು?"

"ಮಿನೊವಾ ಅಲ್ಲ. ನಾನು. ನೀವು ಬದಲಾಯಿಸಿಬಿಟ್ರೆ ಗೊತ್ತಾಗ್ಲಿ ಅಂತ ಸೂಜಿಯಲ್ಲಿ ಗುರುತು ಹಾಕಿದೆ."

ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ನಲ್ಲಿಯ ಹತ್ತಿರ ಹೋಗಿ ಕೈ ತೊಳೆದ, ಎರಡು ಸಲ ಸೋಪು ಹಾಕಿ ತೊಳೆದ. ಒರೆಸಿಕೊಂಡು ಬಂದ.

"ನನ್ನ ಕಳ್ಳ ಅಂದ್ಕೊಂಡ್ರಿ. ಅದು ಹೋಗ್ಲಿ, ಗುರುತಿಲ್ಲದವನು, ಅಂದ್ಕೊಳ್ಳಿ. ಆದ್ರೆ ನನ್ನ ಬಾಯಲ್ಲಿ ಇನ್ನೊಬ್ಬನ್ನ ಕಳ್ಳ ಅನ್ನಿಸಿದ್ರಲ್ಲ. ನಾನು ಹೇಳಿದ್ಮೇಲೂ ಸುಮ್ನಿದ್ರಲ್ಲ. ಆರು ದಿನ!"

ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು.

ಆಮೇಲೆ ಅವನೇ ಹೇಳಿದ. ಈ ಬಳೆಗಳನ್ನು ಹಾಕುವುದಿಲ್ಲ. ನನ್ನ ಹಳೆಯ ಸವೆದ ಬಳೆಗಳನ್ನೇ ಹಾಕಿ ಗಾಡಿ ಮುಚ್ಚಿ ಕೊಡುತ್ತಾನೆ. "ಫೋನ್ ಮಾಡಿ ಮಿನೊವಾಗೆ ಕ್ಷಮಾಪಣೆ ನಾನು ಕೇಳ್ತೀನಿ, ನನ್ನ ಬಾಯಿಂದ ಬಂದಿದ್ದಕ್ಕೆ. ಯಾಕೆ ಹಿಂಗಾಯ್ತು ಅನ್ನೋದನ್ನ ಮಾತ್ರ ನಾನು ಹೇಳಲ್ಲ. ಬಳೆ ತಗೊಂಡು ನೀವೇ ಹೋಗಿ. ಕೊರಿಯರಲ್ಲಿ ಕಳಿಸೋ ವಸ್ತು ಅಲ್ಲ ಇದು."

ಮನೆಯಲ್ಲಿ ಯೂಸಾಕುವಿಗೂ ಹೇಳಿದೆ. ಅವನು ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

"ಮೂವತ್ತು ವರ್ಷ ಆಯ್ತು ಮದುವೆಯಾಗಿ. ನನ್ನ ಮೇಲೂ ಎಲ್ಲಾದ್ರೂ ಗುರುತು ಹಾಕಿದೀಯಾ ಚಿಜುರು?"

ತಮಾಷೆಗೆ ಹೇಳಿದ ಎಂದು ಅಂದುಕೊಳ್ಳಲು ನೋಡಿದೆ. ಮುಖದಲ್ಲಿ ನಗು ಇರಲಿಲ್ಲ.

ಮೇ 28, ಬುಧವಾರ

ಗಾಡಿ ಸಿದ್ಧ. ಸವೆದ ಬಳೆಯಲ್ಲಿ ಹಿಮಿಯವರೆಗೆ ಹೇಗೆ ಹೋಗುವುದು, ನಡುವೆ ಅಷ್ಟು ದೊಡ್ಡ ಘಟ್ಟವಿದೆ ಎಂದೆ. ಕುಬೋದೆರಾ ಉಸಿರೆಳೆದು ಪಕ್ಕದ ಸೀಟಿನಲ್ಲಿ ಕೂತ. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು.

"ಬಳೆ ಮಾಡೋ ಕೆಲ್ಸಾನ ಕಾಲು ಮಾಡ್ಬೇಕು. ಕ್ಲಚ್ ಒತ್ತಿ, ಗೇರ್ ಬಿಡಿಸಿ. ಕ್ಲಚ್ ಬಿಡಿ. ಈಗ ಒಂದು ಚೂರು ಆಕ್ಸಿಲರೇಟರ್. ಮತ್ತೆ ಕ್ಲಚ್. ಈಗ ಹಾಕಿ. ಹಾಕೋದಲ್ಲ, ಕೇಳಿ! ಅದು ಬಾ ಅನ್ನೋವರೆಗೆ ಕಾಯಿರಿ."

ಹದಿನೆಂಟು ಸಲ ಕಿರುಚಿತು. ಹತ್ತೊಂಬತ್ತನೆಯ ಸಲ ಸದ್ದಿಲ್ಲದೆ ಒಳಗೆ ಜಾರಿತು. ನಾನು ಮಕ್ಕಳ ಹಾಗೆ ಕೂಗಿಬಿಟ್ಟೆ. ಅವನು ನಗಲಿಲ್ಲ. "ಕೈ ತೆಗೀರಿ ಕೋಲಿನ ಮೇಲಿಂದ" ಎಂದ. ತೆಗೆದೆ.

ಹೊರಡುವಾಗ ಡಬ್ಬಿ ಕೈಗಿಟ್ಟ. ನಾನು ಹಾಳು ಮಾಡಿದ ಮೂರು ಬಳೆಗಳು ಒರೆಸಿ, ಕಾಗದದಲ್ಲಿ ಸುತ್ತಿ ಅದರಲ್ಲಿದ್ದವು. ಗಿರಾಕಿಯದನ್ನು ಗಿರಾಕಿಗೆ ಕೊಡಬೇಕಲ್ಲ.

ಮೇ 31, ಶನಿವಾರ. ಹಿಮಿ

ಬೆಳಿಗ್ಗೆ ಐದಕ್ಕೆ ಹೊರಟೆವು. ಯೂಸಾಕು ತೊಡೆಯ ಮೇಲೆ ಮಿನೊವಾನ ಬಳೆಗಳನ್ನು ಇಟ್ಟುಕೊಂಡು ಕೂತಿದ್ದ. ಮತ್ಸುಮೊತೊ ದಾಟಿದ ಮೇಲೆ ಘಟ್ಟ. ಎರಡನೇ ಗೇರಿಲ್ಲದೆ ಆಗುವುದೇ ಇಲ್ಲ. ಒಂದು ತಿರುವಿನಲ್ಲಿ ಕಿರುಚಿತು, ಇನ್ನೊಂದರಲ್ಲಿ ಇಲ್ಲ. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಹೊಡೆದುಕೊಳ್ಳಲಿ ಎಂದು ಬಿಟ್ಟೆ. ಘಟ್ಟ ಇಳಿದ ಮೇಲೆ ಒಂದು ಸಮತಟ್ಟು ರಸ್ತೆಯಲ್ಲಿ ಕಾಲು ಸೋತಿತು. ಯೂಸಾಕುವಿಗೆ "ಸ್ವಲ್ಪ ಓಡಿಸ್ತೀಯಾ?" ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ. ಆಮೇಲೆ ಇಳಿದು ಸುತ್ತಿಕೊಂಡು ಬಂದು ಸೀಟು ಹಿಂದಕ್ಕೆ ಸರಿಸಿಕೊಂಡ. ಇಪ್ಪತ್ತು ಕಿಲೋಮೀಟರ್ ನಾನು ನಿದ್ದೆ ಮಾಡಿದೆನಂತೆ.

ಮಿನೊವಾನ ಅಂಗಡಿ ಸಮುದ್ರದ ಕಡೆಗಿದೆ. ಒಣಗಿದ ಮನುಷ್ಯ, ದಪ್ಪ ಕನ್ನಡಕ. ಶೆಡ್ಡಿನಲ್ಲಿ ನನ್ನದೇ ಥರದ ಬಿಳಿ ಗಾಡಿ ನಾಲ್ಕು ಕಂಬದ ಮೇಲೆ ನಿಂತಿತ್ತು. ಅದರ ಗೇರ್‌ಬಾಕ್ಸ್ ಬಿಚ್ಚಿ, ಹಳೆಯ ಪತ್ರಿಕೆಗಳ ಮೇಲೆ ಒಂದೊಂದೇ ಭಾಗವನ್ನು ಸಾಲಾಗಿ ಇಟ್ಟಿದ್ದ. ಅದನ್ನು ನೋಡಿದ ಮೇಲೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. ನೆಲಕ್ಕೆ ಕೂತು ತಲೆ ಬಾಗಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೂಜಿ, ಮೇಜು, ಗೀರು, ಸುಮ್ಮನಿದ್ದ ಆರು ದಿನ.

ಮಿನೊವಾ ಏಳಿ ಎನ್ನಲಿಲ್ಲ. ಕೈ ಚಾಚಿದ. ಯೂಸಾಕು ಬಳೆಗಳನ್ನು ಕೊಟ್ಟ.

ಮಿನೊವಾ ಅವನ್ನು ಕಿಟಕಿಯ ಹತ್ತಿರ ತಗೊಂಡು ಹೋದ. ಭೂತಗನ್ನಡಿ ತೆಗೆದ. ಮೊದಲನೆಯ ಬಳೆಯನ್ನು ನಿಧಾನವಾಗಿ ಸುತ್ತಲೂ ತಿರುಗಿಸಿದ, ಉಗುರಿನಿಂದ ಒಳಗೆ ತಡವಿದ, ಬೆಳಕಿಗೆ ಹಿಡಿದ, ಮೂಸಿದ. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನಾನು ಎದ್ದು ನಿಂತಿದ್ದೆ. ಕಿವಿ ಬಿಸಿಯಾಗಿತ್ತು. ಅಷ್ಟು ದೂರದಿಂದ ತಂದುಕೊಟ್ಟಿದ್ದೇನೆ, ಬಾಯಿಬಿಟ್ಟು ಎಲ್ಲ ಹೇಳಿದ್ದೇನೆ, ಈಗ ನಾನು ಬಳೆ ಬದಲಾಯಿಸಿ ತರುತ್ತೇನೆಯೇ? ಅವನು ಮೂರನೆಯದನ್ನು ಕೆಳಗಿಟ್ಟು ಮತ್ತೆ ಮೊದಲನೆಯದನ್ನು ಎತ್ತಿಕೊಂಡ.

ನೋವಾಯಿತು. ಎಷ್ಟು ಎಂದು ಹೇಳಲು ನನಗೆ ಬರುವುದಿಲ್ಲ. ಯೂಸಾಕು ಸಮುದ್ರದ ಕಡೆ ನೋಡುತ್ತಿದ್ದ. ಮೂವತ್ತೇಳು ವರ್ಷ ನನ್ನ ಮೇಜಿನ ಮುಂದೆ ನಿಂತವರೆಲ್ಲ ಹೀಗೇ ನಿಂತಿದ್ದರು. ಅದರಲ್ಲಿ ಬಹಳ ಮಂದಿಯ ಪೆಟ್ಟಿಗೆಯಲ್ಲಿ ಬಟ್ಟೆ ಬಿಟ್ಟು ಬೇರೇನೂ ಇರಲಿಲ್ಲ.

"ನಿಧಾನವಾಗಿ ನೋಡಿ" ಎಂದೆ. "ನಮಗೇನೂ ಅವಸರ ಇಲ್ಲ."

ಕೊನೆಗೆ ಅವನು ಕನ್ನಡಕ ಸರಿಮಾಡಿಕೊಂಡ. "ಹೂಂ. ನನ್ನವೇ."

ಕ್ಷಮಿಸಿದೆ ಎಂದು ಹೇಳಲಿಲ್ಲ. ಟೀ ಕೊಡಲಿಲ್ಲ. ಬಿಳಿ ಗಾಡಿಯ ಕಡೆ ನಡೆದು, ಪತ್ರಿಕೆಯ ಮೇಲಿನ ಭಾಗಗಳ ಮುಂದೆ ಕಷ್ಟಪಟ್ಟು ಕೂತ.

"ಬಿಚ್ಚೋಕೆ ಮೂರು ದಿನ ಆಯ್ತು. ಕಣ್ಣು ಕಾಣಲ್ಲ. ಜೋಡಿಸೋಕೆ ಯಾರಾದ್ರೂ ಟಾರ್ಚ್ ಹಿಡಿಯೋರು ಬೇಕು."

"ನಾನು ಹಿಡೀತೀನಿ."

ಅವನು ತಲೆಯೆತ್ತಿ ನನ್ನನ್ನು ನೋಡಿದ.

"ಏನನ್ನೂ ಮುಟ್ಬೇಡಿ. ಆ ಕೈಯಲ್ಲಿ ಟಾರ್ಚು. ಇನ್ನೊಂದು ಕೈ ನನಗೆ ಕಾಣೋ ಹಾಗೆ ಇಟ್ಕೊಳ್ಳಿ."

ಇಟ್ಟುಕೊಂಡೆ.